ಚೀಟಿ ಅಂಟಿಸಿದ ತುದಿ

ನನ್ನ ಮೇಷ್ಟ್ರೇ,

ಓಬಣ್ಣ ಮಾತಾಡುತ್ತಿದ್ದೇನೆ. ಬರೆಯುತ್ತಿರುವವಳು ನಿಮ್ಮ ಮಗಳು ಗೌರಿ. ನನಗೆ ಅಂಕಿ ಬರೆಯಲು ಬರುತ್ತದೆ, ನನ್ನ ಹೆಸರು ಬರೆಯಲು ಬರುತ್ತದೆ. ಅಷ್ಟನ್ನು ಕಲಿಸಿದ್ದು ನೀವೇ. ಅದಕ್ಕಿಂತ ಉದ್ದದ್ದು ಬರೆಯಲು ಕೂತರೆ ಕೈ ಮಗ್ಗದ ಲಾಳಿ ಹುಡುಕುತ್ತದೆ. ಅದಕ್ಕೇ ನಿಮ್ಮ ಚಳ್ಳಕೆರೆ ಮನೆಯ ಪಡಸಾಲೆಯಲ್ಲಿ ಕೂತು ನಾನು ಹೇಳುತ್ತಾ ಹೋಗುತ್ತೇನೆ, ಅವಳು ನನ್ನ ಮಾತನ್ನು ತಿದ್ದಿ ಪುಸ್ತಕದ ಕನ್ನಡಕ್ಕೆ ಇಳಿಸುತ್ತಾಳೆ. ಪತ್ರ ಯಾರಿಗೆ ಎಂದು ಕೇಳಿದಳು. ನಿಮ್ಮಪ್ಪನಿಗೆ ಎಂದೆ.

"ಅಪ್ಪ ಹೋಗಿ ಹದಿಮೂರು ವರ್ಷ ಆಯ್ತಲ್ಲ ಓಬಣ್ಣ ಮಾಮ. ಯಾವ ಟಪಾಲಿಗೆ ಹಾಕ್ಲಿ?"

"ನೀನು ಬರಿ ತಾಯಿ. ಹಾಕೋದು ಆಮೇಲೆ ನೋಡಾಣ."

ಏನು ಕೇಳಿಸಿದರೂ ಕೊನೆಯ ಸಾಲಿನವರೆಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಯಾವುದಕ್ಕೆ ಮಾತು ಕೊಟ್ಟಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಈ ಸಾಲು ಬರೆಯುವಾಗ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು.

ಮೊನ್ನೆ ಅವಳು ಅಟ್ಟದಿಂದ ನಿಮ್ಮ ತಗಡಿನ ಪೆಟ್ಟಿಗೆ ಇಳಿಸಿದಳು. ಅವಳಿಗೆ ಮೊಳಕಾಲ್ಮೂರಿನ ಹೆಣ್ಣುಮಕ್ಕಳ ಸ್ಕೂಲಿಗೆ ವರ್ಗವಾಗಿದೆ, ಮೇಷ್ಟ್ರೇ. ನಿಮ್ಮ ಮಗಳು ಈಗ ಮೇಡಂ. ಅವಳು ಹೋದ ಮೇಲೆ ಈ ಮನೆಯಲ್ಲಿ ನಿಮ್ಮ ತಮ್ಮನವರು ಕಡಲೆಕಾಯಿ ಮೂಟೆ ಪೇರಿಸುತ್ತಾರಂತೆ. ಪೆಟ್ಟಿಗೆ ತೆಗೆದರೆ ಒಳಗೆ ನಾನು ರೇಷ್ಮೆ ಚೂರುಗಳಲ್ಲಿ ಹೊಲಿದು ಕೆಸರುಮಣ್ಣು ತುಂಬಿದ್ದ ಪುಟ್ಟ ಚೀಲಗಳು, ನಲವತ್ತೊಂದೂ ಇದ್ದವು. "ಈ ಮಣ್ಣು ತಿಪ್ಪೆಗೆ ಹಾಕ್ಸಿ ಬಿಡ್ಲಾ ಮಾಮ?" ಎಂದಳು. "ಕೊನೆಕೊನೆಗೆ ಅಪ್ಪಂಗೆ ಕಣ್ಣು ಸರಿ ಇರ್ಲಿಲ್ಲ, ಇಲ್ಲದ್ದು ಕಂಡು ಏನೇನೋ ಬರೆದ್ರು. ಚಿಕ್ಕಪ್ಪ ಈಗ್ಲೂ ಹೇಳಿ ನಗ್ತಾರೆ." ಹುಳಿಗೆ ಉಪ್ಪು ಕಮ್ಮಿಯಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಹದಿಮೂರು ವರ್ಷದಲ್ಲಿ ಅದು ಅವಳಿಗೆ ರೂಢಿಯಾಗಿಬಿಟ್ಟಿದೆ. ನನಗೆ ಮಾತ್ರ ಪೆಟ್ಟಿಗೆಯ ಮುಂದೆ ನಿಲ್ಲಲಾಗಲಿಲ್ಲ.

ನಿಮ್ಮ ಕಣ್ಣು ಸರಿಯಾಗಿತ್ತು, ಮೇಷ್ಟ್ರೇ. ತಪ್ಪಿದ್ದು ನನ್ನ ಕೈ. ಅದನ್ನು ಹೇಳಲು ಈ ಪತ್ರ. ಇಷ್ಟು ಚಿಕ್ಕ ಮಾತಿಗೆ ಹದಿನೈದು ವರ್ಷ ಬೇಕಾಯಿತೇ ಎಂದು ನೀವು ಕೇಳಿದರೆ…

ನೀವು ನನ್ನನ್ನು ಮೊದಲು ನೋಡಿದ್ದು ಮೊಳಕಾಲ್ಮೂರಿನಲ್ಲಿ, ನಮ್ಮಣ್ಣನ ಮಗ್ಗದ ಗುಂಡಿಯಲ್ಲಿ. ತಂಗಿಗೆ ಸೀರೆ ಕೊಳ್ಳಲು ಬಂದವರು ಸೀರೆ ಬಿಟ್ಟು ನನ್ನ ಕೈ ನೋಡುತ್ತಾ ನಿಂತಿರಿ. ಹಾಸಿನಲ್ಲಿ ಕಡಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದೆ.

"ಇಷ್ಟು ಸಣ್ಣ ಎಳೆ ನಿಂಗೆ ಹೆಂಗೆ ಕಾಣ್ತೈತೋ?"

"ಕಾಣಲ್ರಿ. ಬೆರಳಿಗೆ ಗೊತ್ತಾಗ್ತೈತೆ."

"ಸೀರೆ ಇರ್ಲಿ ಬಿಡು. ನಂಗೆ ಬೇಕಾಗಿರೋದು ಈ ಬೆರಳು" ಎಂದಿರಿ. ಒಂದು ಮಗ್ಗಕ್ಕೆ ಇಬ್ಬರು ತಮ್ಮಂದಿರಿದ್ದ ಅಣ್ಣನಿಗೆ ಅಷ್ಟೇ ಸಾಕಾಗಿತ್ತು. "ಕರ್ಕೊಂಡು ಹೋಗ್ರಿ ಸ್ವಾಮಿ. ಇವನ ಕೈ ಒಂದು ಮೊಳ ನೇಯೋದ್ರಾಗೆ ಬಾಯಿ ಹತ್ತು ಮೊಳ ನೇಯ್ತೈತೆ" ಎಂದ. ನೀವು ನಕ್ಕಿರಿ. ಆ ಬಾಯಿಯೇ ಮುಂದೆ ನಿಮ್ಮ ಹೆಸರು ತಿನ್ನುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮೊದಲ ಸಲ ಆ ಕೆಸರು ತೋರಿಸಿದ ದಿನ ನೆನಪಿದೆಯೇ? ಸಮುದ್ರದ ದಂಡೆಯ ದೊಡ್ಡ ಊರಿನ ಮ್ಯೂಸಿಯಂನಲ್ಲಿ ಬಹಳ ವರ್ಷ ಕೆಲಸ ಮಾಡಿ, ಎದೆ ಕೆಟ್ಟು, ಒಣಹವೆ ಬೇಕೆಂದು ಊರಿಗೆ ಬಂದಿದ್ದಿರಿ. ನಿಮ್ಮ ಕಣ್ಣಿನ ಮೇಲಿನ ನಂಬಿಕೆಗೆ ಅವರು ಮೈಕ್ರೋಸ್ಕೋಪನ್ನೂ ಕೆಸರಿನ ಗಾಜಿನ ನಳಿಗೆಗಳನ್ನೂ ಇಲ್ಲಿಗೇ ಕಳಿಸುತ್ತಿದ್ದರು. ಭೂಮಿಯ ದಕ್ಷಿಣದ ತುದಿಯಲ್ಲಿ, ಮಂಜುಗಡ್ಡೆ ತೇಲುವ ಸಮುದ್ರದಲ್ಲಿ, ಹಡಗಿನಿಂದ ಭಾರದ ಕೊಳವೆ ಇಳಿಬಿಟ್ಟು ತಳಕ್ಕೆ ಚುಚ್ಚಿ ಎತ್ತಿದ ಕೆಸರು. "ನೋಡೋ ಓಬಣ್ಣ, ಚಳ್ಳಕೆರೇಲಿ ಮುಖ ತೊಳಿಯಾಕೆ ನೀರಿಲ್ಲ. ನಾವು ಸಮುದ್ರದ ತಳ ತೊಳೀತಾ ಕೂತಿದೀವಿ" ಎಂದಿರಿ. ತೊಳೆದು ಸೋಸಿದ್ದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನನಗೆ ಬಗ್ಗಿ ನೋಡಲು ಹೇಳಿದಿರಿ. ಗಸಗಸೆಗಿಂತ ಸಣ್ಣ ಚಿಪ್ಪುಗಳು, ಒಂದೊಂದೂ ಬಸವನಹುಳುವಿನ ಹಾಗೆ ಸುತ್ತಿಕೊಂಡಿದ್ದವು. ಅದನ್ನು ಕಂಡ ದಿನ ನಾನು ಸುಮ್ಮನಿದ್ದೆ. ನನಗೆ ಜ್ವರ ಬಂದಿರಬೇಕು ಎಂದು ನೀವು ಹಣೆ ಮುಟ್ಟಿ ನೋಡಿದ್ದಿರಿ.

ಚಿಪ್ಪುಗಳನ್ನು ಆರಿಸಲು ನೀವು ಕೊಟ್ಟ ಕುಂಚ ನನಗೆ ಒಗ್ಗಲಿಲ್ಲ. ರೇಷ್ಮೆ ಎಳೆಯ ತುದಿಯನ್ನು ನಾಲಗೆಗೆ ಮುಟ್ಟಿಸಿ ಎತ್ತುತ್ತಿದ್ದೆ. "ಥೂ, ಎಂಜಲು" ಎಂದು ಬೈದಿರಿ. ವಾರ ಕಳೆಯುವುದರೊಳಗೆ ನೀವೂ ನಾಲಗೆಗೆ ಎಳೆ ಮುಟ್ಟಿಸುತ್ತಿದ್ದಿರಿ. ಕೆಲಸ ಮಾಡುತ್ತಲೇ ಹೇಳಿಕೊಟ್ಟಿರಿ: ಸುರುಳಿಚಿಪ್ಪು ಒತ್ತೊತ್ತಾಗಿ ಸಿಕ್ಕರೆ ಆ ಕಾಲಕ್ಕೆ ಅಲ್ಲಿ ನೀರು ತೆರೆದಿತ್ತು, ಚಳಿ ಕಡಿಮೆಯಿತ್ತು. ಚಿಪ್ಪಿಲ್ಲದೆ ಚೂಪು ಅಂಚಿನ ಕಲ್ಲುಹರಳು ಸಿಕ್ಕರೆ ಮಂಜುಗಡ್ಡೆಗಳು ನೆಲದ ಕಲ್ಲು ಹೊತ್ತು ತಂದು, ಅಲ್ಲಿ ಕರಗಿ, ಉದುರಿಸಿ ಹೋದ ಕಾಲ.

"ಅಲ್ಲಿ ಮನುಷ್ಯರೇ ಇಲ್ಲ ಅಂತೀರಿ. ಇದನ್ನೆಲ್ಲ ಯಾರು ಬರ್ದಿಟ್ರು?" ಎಂದು ಕೇಳಿದೆ.

"ಯಾರೂ ಬರ್ದಿಲ್ಲ. ಬಿದ್ದಿದ್ದು ಬಿದ್ದಲ್ಲೇ ಐತೆ. ಕೆಳಗಿಂದು ಹಳೇದು, ಮೇಲಿಂದು ಹೊಸದು. ನಮ್ಮ ಕೈಲಿರೋದು ಅದೊಂದೇ ದಾರ ಕಣೋ. ಅದು ತಪ್ಪಿದ್ರೆ ಎಲ್ಲಾ ತಪ್ಪಿದಂಗೆ."

ಮೇಲಿನ ತುದಿ ಯಾವುದೆಂದು ಗೊತ್ತಾಗಲು ಹಡಗಿನವರು ಅಲ್ಲೊಂದು ಚೀಟಿಯನ್ನು ಅರಗಿನಿಂದ ಅಂಟಿಸಿರುತ್ತಿದ್ದರು. ಎಷ್ಟು ಸಲ ತೋರಿಸಿದ್ದಿರಿ ನನಗೆ.

ಆ ಬೇಸಿಗೆಯಲ್ಲಿ ರಾಯದುರ್ಗದ ರೈಲು ಸ್ಟೇಷನ್ನಿಗೆ ಮೂರು ನಳಿಗೆಗಳ ಪೆಟ್ಟಿಗೆ ಬಂತು. ನಿಮಗೆ ಕೆಮ್ಮು ಜಾಸ್ತಿಯಾಗಿತ್ತು. ನಾನೊಬ್ಬನೇ ಬಂಡಿ ಕಟ್ಟಿಸಿಕೊಂಡು ಹೊರಟಾಗ ಬಾಗಿಲವರೆಗೆ ಬಂದು ಹೇಳಿದಿರಿ. "ಒದ್ದೆ ಗೋಣಿ ಹೊದ್ಸು. ನೆರಳಲ್ಲೇ ನಿಲ್ಸು. ಎಲ್ಲೂ ಹರಟೆಗೆ ಕೂರ್ಬೇಡ." ಮೊದಲೆರಡು ಮಾತು ಮೊಳಕಾಲ್ಮೂರು ಮುಟ್ಟುವವರೆಗೆ ಉಳಿಸಿಕೊಂಡೆ. ಮೂರನೆಯದನ್ನು ನಮ್ಮ ಕೇರಿಯ ಬೇವಿನ ಮರ ಕಂಡ ಕೂಡಲೇ ಮರೆತೆ.

ಬಂಡಿ ನಿಲ್ಲಿಸಿದ್ದೇ ತಡ, ನೇಯುವವರೆಲ್ಲ ಗುಂಡಿಯಿಂದೆದ್ದು ಬಂದರು. "ಏಮಿರಾ ಓಬಾ, ಬುರದ ಕೋಸಂ ರೈಲಾ?" ಎಂದು ಅಣ್ಣ ನಮ್ಮ ಮನೆಮಾತು ತೆಲುಗಿನಲ್ಲಿ ಕೇಳಿದ. ಕೆಸರು ತರಲಿಕ್ಕೂ ರೈಲು ಬೇಕೇನೋ ಎಂದು. ಎಲ್ಲರೂ ನಕ್ಕರು. ನನಗೆ ತಡೆಯಲಿಲ್ಲ. ಮನೆಗಿಂತ ದೊಡ್ಡ ಮಂಜುಗಡ್ಡೆ, ಅದರ ಮೇಲೆ ತೇಲಿಬರುವ ಬಂಡೆ, ಗಸಗಸೆಗಿಂತ ಸಣ್ಣ ಶಂಖ, ನಿಮ್ಮಿಂದ ಕಲಿತದ್ದಕ್ಕೆ ನನ್ನದೂ ನಾಲ್ಕು ಸೇರಿಸಿ ಹೇಳುತ್ತಾ ಹೋದೆ. ನಗುತ್ತಿದ್ದವರು ಬಾಯಿ ಬಿಟ್ಟು ಕೇಳತೊಡಗಿದರು. ಮಗ್ಗದ ಮುಂದೆ ಯಾರೂ ನನ್ನ ಮಾತನ್ನು ಹಾಗೆ ಕೇಳಿದ್ದಿಲ್ಲ, ಮೇಷ್ಟ್ರೇ. ಬೇವಿನ ನೆರಳು ಸರಿದು ಬಂಡಿ ಬಿಸಿಲಿಗೆ ಬಿದ್ದದ್ದು, ಗೋಣಿ ಒಣಗಿ ಗರಿಗರಿಯಾದದ್ದು, ನನಗೆ ಅರಗಿನ ವಾಸನೆ ಬಂದ ಮೇಲೇ ಗೊತ್ತಾಗಿದ್ದು.

ಪೆಟ್ಟಿಗೆಯನ್ನು ಅಣ್ಣನ ಮನೆಯೊಳಗೆ ಹೊತ್ತೊಯ್ದು ಬಿಚ್ಚಿದೆ. ಗಿಡ್ಡ ನಳಿಗೆಗಳೆರಡರ ಚೀಟಿ ವಾರೆಯಾಗಿದ್ದರೂ ಬಿಟ್ಟಿರಲಿಲ್ಲ. ಉದ್ದದ ನಳಿಗೆಯದು ಮಾತ್ರ ಜಾರಿ ಹುಲ್ಲಿನಲ್ಲಿ ಬಿದ್ದಿತ್ತು. ಎರಡು ತುದಿಗೂ ಒಂದೇ ತರಹದ ಬಿರಡೆ, ಒಂದೇ ತರಹದ ಅರಗು. ಯಾವುದು ಮೇಲೆ, ಯಾವುದು ಕೆಳಗೆ?

ಅಲ್ಲಿಂದ ನೇರ ಬಂದು ಕಾಲು ಹಿಡಿದು ಹೇಳಬಹುದಿತ್ತು. ಏನು ಮಾಡುತ್ತಿದ್ದಿರಿ ನೀವು? ಬೈಯುತ್ತಿದ್ದಿರಿ. ಒಂದು ದಿನ ಮಾತು ಬಿಡುತ್ತಿದ್ದಿರಿ. ಆಮೇಲೆ ನೀವೇ ಕೆಸರು ನೋಡಿ ಗುರುತು ಹಿಡಿಯುತ್ತಿದ್ದಿರಿ. ಆದರೆ ಹೊರಗೆ ಕೇರಿಯವರು ಇನ್ನೂ ನಿಂತಿದ್ದರು. ಸಮುದ್ರದ ತಳ ಬಲ್ಲವನು ಎಂದು ಈಗಷ್ಟೇ ನನ್ನನ್ನು ನೋಡಿದ್ದ ಕಣ್ಣುಗಳು. ನಾನೇ ಕಂಡುಹಿಡಿಯುತ್ತೇನೆ ಎಂದುಕೊಂಡೆ. ಬಿರಡೆ ಸಡಿಲಿಸಿ ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿ ನೋಡಿದೆ. ಒಂದು ಗಟ್ಟಿ, ಒಂದು ಮೆತ್ತಗೆ. ನೇಯುವವನ ಬೆರಳು ಏನು ಹೇಳುತ್ತದೆ ಹೇಳಿ? ಹೊಸ ಸೀರೆ ಗಂಜಿಗೆ ಬಿಗಿದು ಗಟ್ಟಿಯಿರುತ್ತದೆ. ಉಟ್ಟು ಒಗೆದು ಹಳೆಯದಾದಷ್ಟೂ ಮೆತ್ತಗಾಗುತ್ತದೆ. ಹಾಗಿದ್ದರೆ ಗಟ್ಟಿ ಕೆಸರು ಹೊಸದು, ಮೆತ್ತನೆಯದು ಹಳೆಯದು. ಎಷ್ಟು ಸುಲಭ. ಅರಗು ಕಾಯಿಸಿ ಚೀಟಿಯನ್ನು ಗಟ್ಟಿ ತುದಿಗೆ ಅಂಟಿಸಿದೆ. ಕೇಳಿದ್ದರೆ, ಮೇಲಿನ ಭಾರಕ್ಕೆ ಕೆಳಗಿನ ಕೆಸರು ಅದುಮಿ ಗಟ್ಟಿಯಾಗುತ್ತದೆ ಎಂದು ಒಬ್ಬ ಕುಂಬಾರ ಹೇಳುತ್ತಿದ್ದ, ಕೆರೆಯ ಹೂಳೆತ್ತುವವರು ಹೇಳುತ್ತಿದ್ದರು. ನಾನು ಬಟ್ಟೆಯನ್ನು ಕೇಳಿದೆ.

ತಳುಕು ದಾಟಿ ಚಳ್ಳಕೆರೆ ಸೇರುವವರೆಗೂ ಒಂದು ಮಾತೂ ಆಡಲಿಲ್ಲ ನಾನು. ಬಂಡಿಯವನಿಗೇ ಗಾಬರಿಯಾಯಿತು. ನೀವು ನಳಿಗೆ ಬಿಚ್ಚಿದ ಕೂಡಲೇ ಹುಬ್ಬು ಗಂಟಿಕ್ಕಿದಿರಿ. "ಮೇಲ್ತುದಿ ಯಾಕೋ ಗಟ್ಟಿ ಐತಲ್ಲ. ಚೀಟಿ ಇದ್ದಂಗೇ ಐತೇನೋ?"

"ಐತ್ರಿ."

"ಹಂಗಾದ್ರೆ ಬಿಸಿಲಿಗೆ ಒಣಗಿರ್ಬೇಕು" ಎಂದು ನೀವೇ ಸಮಾಧಾನ ಮಾಡಿಕೊಂಡಿರಿ. ಅದು ಮೊದಲ ಸುಳ್ಳು. ಆವತ್ತು ನನಗೆ ಅದು ಪೂರ್ತಿ ಸುಳ್ಳು ಅನ್ನಿಸಿರಲಿಲ್ಲ. ಸರಿಯಾದ ತುದಿಗೇ ಅಂಟಿಸಿದ್ದೇನೆ ಎಂದು ನಂಬಿದ್ದೆನಲ್ಲ.

ಕೆಸರನ್ನು ಬೆರಳಗಲ ಕತ್ತರಿಸಿ, ಚೀಟಿಯಿದ್ದ ತುದಿಯಿಂದ ಎಣಿಸಿ, ಒಣಗಿಸಿ ಚೀಲಕ್ಕೆ ತುಂಬಿ, ಮೇಲೆ ಒಂದರಿಂದ ನಲವತ್ತೊಂದರವರೆಗೆ ಅಂಕಿ ಬರೆದವನು ನಾನೇ. ಒಂದರಿಂದ ಹದಿನಾಲ್ಕರ ತನಕ ಬರೀ ಚೂಪುಗಲ್ಲು, ಚಿಪ್ಪಿನ ಸುಳಿವಿಲ್ಲ. ಹದಿನೈದರಿಂದ ಚಿಪ್ಪೋ ಚಿಪ್ಪು. ಹತ್ತಿರದಲ್ಲೇ ಎತ್ತಿದ ಗಿಡ್ಡ ನಳಿಗೆಗಳೆರಡರಲ್ಲೂ ಮೇಲಿಂದ ಕೆಳಗೆ ಚಿಪ್ಪೇ. ಮೂರನ್ನೂ ಎಷ್ಟು ದಿನ ಎದುರಿಗಿಟ್ಟುಕೊಂಡು ಕೂತಿದ್ದಿರಿ ನೀವು. ಕೊನೆಗೆ ಉದ್ದದ್ದನ್ನೇ ನಂಬಿ ಬರೆದು ಕಳಿಸಿದಿರಿ: ಹಿಂದೆ ಅಲ್ಲಿ ಚಳಿ ಕಡಿಮೆಯಿತ್ತು, ಈಚೆಗೆ ಮಂಜು ಮುಂದೆ ಒತ್ತಿ ಬಂದಿದೆ, ಎಂದು. ಟಪಾಲಿಗೆ ಹಾಕಿ ಬಂದವನೂ ನಾನೇ.

ಮ್ಯೂಸಿಯಂನಿಂದ ಉತ್ತರ ಬಂದದ್ದು ಮಳೆಗಾಲ ಮುಗಿದ ಮೇಲೆ. ಈ ಪಡಸಾಲೆಯಲ್ಲೇ ನಿಂತು ಓದಿ, ನನಗೆ ಕನ್ನಡದಲ್ಲಿ ಹೇಳಿದಿರಿ. ಅದೇ ಜಾಗದಲ್ಲಿ ಹಡಗಿನವರು ತಳದ ಮೇಲ್ಪದರವನ್ನು ಬಲೆಯಿಂದ ಕೆರೆದು ಎತ್ತಿದ್ದಾರೆ, ಅದರಲ್ಲಿ ಇರುವುದೆಲ್ಲ ಚಿಪ್ಪು. ನಿಮಗೆ ಮೇಲ್ಪದರದಲ್ಲಿ ಕಲ್ಲು ಕಂಡಿದ್ದು ಹೇಗೋ ತಿಳಿಯದು, ನಿಮ್ಮ ಆರೋಗ್ಯ ನೋಡಿದರೆ ಕಣ್ಣಿಗೆ ವಿಶ್ರಾಂತಿ ಕೊಡುವುದು ಒಳ್ಳೆಯದು. ಅಷ್ಟೇ. ನೀವು ಓದಿ ಮುಗಿಸುವುದರೊಳಗೆ ಚೀಟಿಯನ್ನು ತಪ್ಪು ತುದಿಗೆ ಅಂಟಿಸಿದ್ದೆನೆಂದು ನನಗೆ ತಿಳಿದುಹೋಗಿತ್ತು.

"ಓಬಣ್ಣ, ಇಲ್ಲಿ ಬಾ. ಸಿಟ್ಟು ಮಾಡಲ್ಲ, ನಿಜ ಹೇಳು. ಚೀಟಿ ಇದ್ದಂಗೇ ಇತ್ತಾ?"

"ಇದ್ದಂಗೇ ಇತ್ತು ಮೇಷ್ಟ್ರೇ."

ಇದು ಎರಡನೆಯದು. ಇದಕ್ಕೆ ನನ್ನಲ್ಲಿ ನೆಪವಿಲ್ಲ. ನಾಲಗೆ ತುದಿಯವರೆಗೆ ನಿಜ ಬಂದಿತ್ತು. ಎಳೆ ಒದ್ದೆ ಮಾಡುವ ಅದೇ ನಾಲಗೆ… ಯಾಕೆ ಹೇಳಲಿಲ್ಲ? ನಿಮ್ಮ ಮನೆಯಲ್ಲಿ ನಾನು ಆರಿಸುವ ಬೆರಳಾಗಿದ್ದೆ, ಒಬ್ಬ ಮನುಷ್ಯನಾಗಿದ್ದೆ. ಮತ್ತೆ ಅಣ್ಣನ ಮಗ್ಗದ ಪಕ್ಕ ಬಾಯಿಬಡುಕನಾಗಿ ಹೋಗಿ ಕೂರಲು ಹೆದರಿದೆ. ಅಷ್ಟಕ್ಕಾಗಿ ನಿಮ್ಮ ಕಣ್ಣು ಕಿತ್ತೆ.

ನೀವು ಮೈಕ್ರೋಸ್ಕೋಪು ವಾಪಸು ಕಳಿಸಿದ ದಿನ ನಿಮ್ಮ ತಮ್ಮನವರು ಜಗುಲಿಯಲ್ಲಿ ಕೂತಿದ್ದರು. "ಮಣ್ಣು ನೋಡಾಕೆ ಇಂಗ್ಲಿಷ್ ಕಲ್ತು, ಕೊನೀಗೆ ಮಣ್ಣೂ ಕಾಣ್ದಂಗಾಯ್ತಲ್ಲಣ್ಣ" ಎಂದರು. ನೀವು ಒಳಗೆ ಹೋಗಿ, ಗೌರಿಯ ತಾಯಿ ಬಿಟ್ಟುಹೋದ ಹಳೇ ಸೀರೆಯೊಂದನ್ನು ತಂದು ನನ್ನ ಕೈಗಿಟ್ಟಿರಿ. ಮೈಕ್ರೋಸ್ಕೋಪನ್ನು ಅದರಲ್ಲಿ ಸುತ್ತಿ ವಾಪಸು ಹೋಗುವ ಪೆಟ್ಟಿಗೆಗಿಟ್ಟೆ. ಬೆಣ್ಣೆಯ ಹಾಗೆ ಮೆತ್ತಗಿತ್ತು ಆ ಸೀರೆ.

ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಲ್ಲಿ ಮಲಗಿ ಒಂದು ಆಟ ಹಿಡಿದಿದ್ದಿರಿ. ನಾನು ನೇಯ್ದು ತಂದಿದ್ದ ಶಾಲಿನ ಅಂಚನ್ನು ಕಣ್ಣಿಗೆ ಹಿಡಿದು, ಕೆಂಪು ಎಳೆ ಎಣಿಸಿ, "ಹದಿನೆಂಟು. ಸರೀನಾ?" ಎಂದು ಕೇಳುತ್ತಿದ್ದಿರಿ. ಹದಿನೆಂಟೇ ಇತ್ತು. ಒಂದು ದಿನವೂ ನಿಮ್ಮ ಎಣಿಕೆ ತಪ್ಪಲಿಲ್ಲ. "ಸರಿ ಐತ್ರಿ" ಎನ್ನುತ್ತಿದ್ದೆ. ನೀವು ನಗುತ್ತಿದ್ದಿರಿ. "ನನ್ ಸಮಾಧಾನಕ್ಕೆ ಹೇಳ್ತೀಯ ಬಿಡು." ನನ್ನ ಸುಳ್ಳನ್ನು ಎರಡು ಸಲವೂ ನಂಬಿದವರು, ನಾನು ನಿಜ ಹೇಳಿದಾಗ ಒಂದು ಸಲವೂ ನಂಬಲಿಲ್ಲ.

ಇಲ್ಲಿಗೆ ಗೌರಿ ಬರೆಯುವುದು ನಿಲ್ಲಿಸಿದಳು. ಲೇಖನಿಯನ್ನು ಕೆಳಗಿಡಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ತಗಡು ಸದ್ದು ಮಾಡಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ನಿಮ್ಮ ನೋಟುಬುಕ್ಕಿತ್ತು. ಕಣ್ಣು ಕೆಟ್ಟ ಕಾಲದ್ದು ಎಂದು ಅವಳು ಇಷ್ಟು ವರ್ಷ ತೆರೆದೇ ಇರಲಿಲ್ಲವಂತೆ. ಕೊನೆಯ ಪುಟ ಜೋರಾಗಿ ಓದಿದಳು. ನಿಮ್ಮದೇ ಮಾತು, ನಿಮಗೆ ಮರೆತಿರಲಾರದು: "ಉದ್ದದ ನಳಿಗೆಯನ್ನು ತಲೆಕೆಳಗು ಮಾಡಿದರೆ ಮೂರೂ ನಳಿಗೆಗಳು ಒಂದೇ ಕತೆ ಹೇಳುತ್ತವೆ. ಆದರೆ ಚೀಟಿ ಇದ್ದ ಹಾಗೇ ಇತ್ತೆಂದು ಓಬಣ್ಣ ಎರಡು ಸಲ ಹೇಳಿದ್ದಾನೆ. ಅವನನ್ನು ಅನುಮಾನಿಸುವುದಕ್ಕಿಂತ ನನ್ನ ಕಣ್ಣನ್ನು ಅನುಮಾನಿಸುವುದು ಮೇಲು."

ಮೇಷ್ಟ್ರೇ… ನೀವು ಕಂಡುಹಿಡಿದಿದ್ದಿರಿ. ಎಲ್ಲವನ್ನೂ. ಒಂದೇ ಒಂದು ಸಲ ನನ್ನನ್ನು ಕಳ್ಳ ಎಂದಿದ್ದರೆ ಸಾಕಿತ್ತು.

"ಅಪ್ಪ ಕೇಳ್ದಾಗ ಎಲ್ಲಿ ನಿಂತಿದ್ರಿ?" ಎಂದಳು ಗೌರಿ.

ಕಂಬದ ಪಕ್ಕ ತೋರಿಸಿದೆ.

"ನಾನೂ ಇಲ್ಲೇ ಇದ್ದೆ. ಬಳಪ ಹಿಡ್ಕೊಂಡು ಆ ಬಾಗ್ಲಲ್ಲಿ ಕೂತಿದ್ದೆ. ಓಬಣ್ಣ ಮಾಮ ಇದಾರೆ, ಅಪ್ಪಂಗೆ ಏನೂ ಆಗಲ್ಲ ಅಂದ್ಕೊಂಡಿದ್ದೆ." ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಏಳ್ರಿ. ಆ ಚೀಲ ತಗೊಂಬನ್ನಿ. ಮಸಿ ಇಲ್ಲೈತೆ."

ಇಬ್ಬರೂ ಕೂತು ನಲವತ್ತೊಂದು ಚೀಲಗಳನ್ನೂ ಈ ನೆಲದ ಮೇಲೆ ಸಾಲಾಗಿ ಇಟ್ಟೆವು. ಹಳೆಯ ಅಂಕಿ ಹೊಡೆದುಹಾಕಿ ಹೊಸದು ಬರೆದವನು ನಾನು, ನೋಡುತ್ತಾ ಕೂತವಳು ಅವಳು. ಒಂದು ನಲವತ್ತೊಂದಾಯಿತು, ನಲವತ್ತೊಂದು ಒಂದಾಯಿತು. ಇಪ್ಪತ್ತೊಂದನೆಯದು ಮಾತ್ರ ಇಪ್ಪತ್ತೊಂದಾಗಿಯೇ ಉಳಿಯಿತು, ಅದನ್ನು ನಾನು ಕೆಡಿಸಲಾಗಿರಲಿಲ್ಲ. ಮುಗಿದ ಮೇಲೆ ಗೌರಿ ನಿಮ್ಮ ನೋಟುಬುಕ್ಕಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದಳು. ಚಿಪ್ಪು ಮೇಲೆ ಬಂತು, ಗಿಡ್ಡ ನಳಿಗೆಗಳಲ್ಲಿ ಇದ್ದ ಹಾಗೆಯೇ, ಹಡಗಿನವರು ಕೆರೆದು ಎತ್ತಿದ ಹಾಗೆಯೇ. ಗಿಡ್ಡವು ಮುಟ್ಟದಷ್ಟು ಆಳದಲ್ಲಿ ಕಲ್ಲು ಹೋಗಿ ಕೂತಿತು. ಮಂಜು ಮುಂದೆ ಬಂದಿಲ್ಲ, ಮೇಷ್ಟ್ರೇ. ಒಂದಾನೊಂದು ಕಾಲದಲ್ಲಿ ಅಲ್ಲಿಯವರೆಗೂ ಬಂದು, ಆಮೇಲೆ ಹಿಂದೆ ಸರಿದಿದೆ. ಇದನ್ನು ಕಂಡವರು ನೀವು. ಅದನ್ನು ಒಪ್ಪಿಕೊಳ್ಳಲು ಕೊನೆಗೆ ಬಂದವನು ನಾನು.

ಕೊಟ್ಟ ಮಾತಿನಂತೆ ಗೌರಿ ಮತ್ತೆ ಕೂತು ಇದನ್ನೆಲ್ಲ ಬರೆಯುತ್ತಿದ್ದಾಳೆ, ನಾಳೆ ಮ್ಯೂಸಿಯಂಗೆ ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಬಂಡಿ, ಬೇವಿನ ನೆರಳು, ಚೀಟಿ, ಎರಡು ಸುಳ್ಳು, ಯಾವುದನ್ನೂ ಬಿಡಬೇಡ ಎಂದಿದ್ದೇನೆ. ಕೆಳಗೆ ನನ್ನ ಹೆಸರನ್ನು ನಾನೇ ಬರೆಯುತ್ತೇನೆ. ಆ ಊರಿನಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇನ್ನೂ ಇದ್ದಾರೋ ಇಲ್ಲವೋ, ಓದಿ ಒಲೆಗೆ ಹಾಕುತ್ತಾರೋ ಏನೋ. ಆದರೆ ನಿಮ್ಮ ತಮ್ಮನವರ ಜಗುಲಿಗೆ ಇವತ್ತು ಸಂಜೆಯೇ ಹೋಗುತ್ತೇನೆ. ಅಲ್ಲಿ ಕೂರುವವರೆಲ್ಲರ ಮುಂದೆ ಹೇಳುತ್ತೇನೆ. ಹರಟುವುದು ನನಗೆ ಬರುವ ಒಂದೇ ವಿದ್ಯೆ, ಒಮ್ಮೆಯಾದರೂ ನಿಮ್ಮ ಕೆಲಸಕ್ಕೆ ಬರಲಿ. ಚೀಲಗಳು ತಿಪ್ಪೆಗೆ ಹೋಗುವುದಿಲ್ಲ. ಗೌರಿಯ ಜೊತೆ ಮೊಳಕಾಲ್ಮೂರಿಗೆ ಬರುತ್ತವೆ, ಆ ಬೇವಿನ ಮರ ದಾಟಿಕೊಂಡೇ. ಬಂಡಿ ನಾನೇ ಹೊಡೆಯುತ್ತೇನೆ ಎಂದೆ. ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನೋಟುಬುಕ್ಕು ಓದಿದ ಮೇಲೆ ಅವಳ ಬಾಯಲ್ಲಿ ಮಾಮ ಎನ್ನುವ ಮಾತು ಬಂದಿಲ್ಲ. ಬರುವುದಿಲ್ಲವೇನೋ.

ಇನ್ನೊಂದು ಉಳಿದಿದೆ. ಪೆಟ್ಟಿಗೆಯ ತಳದಲ್ಲಿ ನಿಮ್ಮ ಶಾಲು ಸಿಕ್ಕಿತು. ನನ್ನ ಮಾತು ನಂಬದೆ ಗೌರಿ ಬಾಗಿಲ ಬೆಳಕಿಗೆ ಹಿಡಿದು ತಾನೇ ಅಂಚಿನ ಕೆಂಪು ಎಳೆ ಎಣಿಸಿದಳು. ಹದಿನೆಂಟೇ ಇದೆ, ಮೇಷ್ಟ್ರೇ.

ಓಬಣ್ಣ